ಮೆಕ್ಯಾನಿಕಲ್ ಮೇಷ್ಟರ ಸಂವಹನ ಪಾಠ

ಫೆಬ್ರವರಿ ೧೦, ಸೋಮವಾರ

ಇಪ್ಪತ್ತೆರಡು ವರ್ಷ ಥರ್ಮೊಡೈನಮಿಕ್ಸ್ ಪಾಠ ಮಾಡಿದವನಿಗೆ ಪ್ರಿನ್ಸಿಪಾಲ್ ಶಿವಮಲ್ಲಪ್ಪನವರು ಇವತ್ತು ಬಹುಮಾನ ಕೊಟ್ಟರು. "ಸಂವಹನ, ಮಾನವಿಕ ಮತ್ತು ಉದ್ಯೋಗದ ಅರಿವು." ಹೀಗೊಂದು ವಿಷಯವಂತೆ. ಎಲೆಕ್ಟ್ರಾನಿಕ್ಸ್ ಮೂರನೇ ವರ್ಷದವರಿಗೆ ನಾನು ಅದನ್ನು ಹೇಳಿಕೊಡಬೇಕಂತೆ.

ನಂಜನಗೂಡಿನಿಂದ ನಾಲ್ಕು ಮೈಲಿಯ ಈ ಕಾಲೇಜಿಗೆ ಮೆಕ್ಯಾನಿಕಲ್ ಓದಲು ಈ ಸಲವೂ ಒಂದು ನರಪಿಳ್ಳೆಯೂ ಸೇರಲಿಲ್ಲ. ಅದು ನನ್ನ ತಪ್ಪೇ? ಲ್ಯಾಬಿಗೆ ಬೀಗ ಹಾಕಿದ್ದಾರೆ. ನಾನೇ ನಿಂತು ಕೂರಿಸಿದ ಬಾಯ್ಲರ್ ಮೇಲೆ ಯಾರೋ ಹಳೇ ಬೆಂಚು ಪೇರಿಸಿದ್ದಾರೆ.

"ನರೇಂದ್ರ, ನಿಮ್ಮನ್ನ ಉಳಿಸ್ಕೊಳ್ಳೋಕೇ ಈ ದಾರಿ ಹುಡುಕಿದ್ದು," ಅಂದರು, ಉಪಕಾರ ಮಾಡಿದವರ ಹಾಗೆ. "ತಯಾರಿ ಏನೂ ಬೇಡ. ಪಿಪಿಟಿ ಇದೆ. ಓದ್ಬಿಡಿ."

ಓದಿಬಿಡಬೇಕಂತೆ! ಅಪ್ಪ ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಲೇ ಮುದುಕರಾದರು. ಮಾತಿನ ಕಸುಬು ನನಗೆ ಬೇಡ ಎಂದೇ ಯಂತ್ರದ ಕಡೆ ಬಂದವನು ನಾನು. ಈಗ ನೋಡಿದರೆ ಮಾತನ್ನೇ ಪಾಠ ಮಾಡು ಅನ್ನುತ್ತಾರೆ.

ಮನೆಗೆ ಬಂದು ಕೂಗಾಡಿದೆ. ಸಿಂಧು, "ನನ್ನ ಮೇಲೆ ಯಾಕ್ರೀ ಕೂಗ್ತೀರಿ? ಅಷ್ಟು ಹೊಟ್ಟೆಯೊಳಗೆ ಇದ್ರೆ ಎಲ್ಲಾದ್ರೂ ಬರ್ಕೊಳ್ಳಿ," ಅಂದಳು. ಬರೆದುಕೊಳ್ಳುತ್ತಿದ್ದೇನೆ. ಹೆಂಡತಿಯೂ ಕೇಳುವುದಿಲ್ಲ ಅಂದಮೇಲೆ ಇನ್ನೇನು ಮಾಡಲಿ?

ಫೆಬ್ರವರಿ ೧೩, ಗುರುವಾರ

ಮೊದಲ ತರಗತಿ. "ಸಂವಹನಕ್ಕೆ ಇರುವ ಅಡ್ಡಿಗಳು." ನಾನು ಓದಿದೆ, ಅವರು ಬರೆದುಕೊಂಡರು. ಬರೆದುಕೊಂಡವರು ಮೊದಲೆರಡು ಬೆಂಚಿನವರು ಮಾತ್ರ. "ಗಮನವಿಟ್ಟು ಆಲಿಸದಿರುವುದು" ಎಂಬ ಅಡ್ಡಿಯನ್ನು ಓದುವಾಗ ಹಿಂದಿನ ಬೆಂಚಿನಲ್ಲಿ ಮೊಬೈಲಿನಿಂದ ಕ್ರಿಕೆಟ್ ಕಾಮೆಂಟರಿ ಕೇಳುತ್ತಿತ್ತು.

ಒಬ್ಬ ಹುಡುಗಿ ಎದ್ದು ನಿಂತಳು. "ಸಾ, ಒಂದ್ ಡೌಟು. ಇದ್ನ ಓದುದ್ರೆ ಏನ್ ಬತ್ತದೆ?"

"ಮಾರ್ಕ್ಸ್ ಬರುತ್ತೆ. ಕೂತ್ಕೋ."

"ಮಾರ್ಕ್ಸ್ ಬತ್ತದೆ ಸಾ. ಗೊತ್ತಾಗೋದ್ ಏನು?"

ತರಗತಿಯೆಲ್ಲ ಗೊಳ್ಳೆಂದಿತು. ಹೊರಗೆ ಹೋಗು ಅಂದೆ. ಬ್ಯಾಗು ತೆಗೆದುಕೊಂಡು ಹೋದಳು, ಕ್ಷಮೆಯನ್ನೂ ಕೇಳಲಿಲ್ಲ. ಹೆಸರು ಕವನ ಅಂತೆ, ತಿ. ನರಸೀಪುರದ ಕಡೆಯ ಹಳ್ಳಿಯವಳು. ಎರಡು ಬಸ್ಸು ಬದಲಿಸಿ ಬರುತ್ತಾಳಂತೆ. ಅಷ್ಟು ಕಷ್ಟಪಟ್ಟು ಬಂದು ಮಾಡುವುದು ಇದು. ಇವರ ಬಾಯಿಗೆ 'ಹ' ಎಂಬ ಅಕ್ಷರವೇ ಹತ್ತುವುದಿಲ್ಲ. ಹಳ್ಳಿ ಅಳ್ಳಿ, ಹೋಗು ಓಗು. ಇಂಥವರಿಗೆ ನಾನು ಸಂವಹನ ಕಲಿಸಬೇಕು.

ಫೆಬ್ರವರಿ ೧೯, ಬುಧವಾರ

ಇವತ್ತು ವಿಪರೀತ ಸಿಟ್ಟು ಬಂದಿದೆ.

ಮಗಳು ಶೃತಿಗೆ ಪಿಯುಸಿ ಪರೀಕ್ಷೆ ಬಾಗಿಲಿಗೆ ಬಂದಿದೆ. ಊಟಕ್ಕೆ ಕೂತಾಗ ಸಿಇಟಿಗೆ ಕಂಪ್ಯೂಟರ್ ಸೈನ್ಸ್ ಯಾವ ಕಾಲೇಜು ಮೊದಲು ಬರೆಯೋಣ ಅಂದೆ. ಅವಳು ಸಾರಿನ ಪಾತ್ರೆ ನನ್ನ ಕಡೆ ಸರಿಸಿ, "ಅಪ್ಪ, ನಾನು ಬಿಎ ಮಾಡ್ತೀನಿ. ಹಿಸ್ಟರಿ," ಅಂದಳು.

ಸಾರು ಸಪ್ಪೆಯಾಗಿದೆ ಅನ್ನುವ ಹಾಗೆ ಹೇಳಿದಳು.

ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಹಿಸ್ಟರಿ ಓದಿದವರು ಎಲ್ಲೆಲ್ಲಿ ಅಲೆಯುತ್ತಿದ್ದಾರೆ, ಅಜ್ಜ ಏನು ಅನುಭವಿಸಿದರು, ಅವಳಿಗಾಗಿ ಏನೇನು ಮಾಡಿದ್ದೇನೆ, ಎಲ್ಲ. ಅನ್ನ ಆರಿತು. ಕೊನೆಗೆ ಅವಳು ಅಂದದ್ದು ಒಂದೇ ಮಾತು. "ಯಾಕೆ ಅಂತ ನೀನು ಕೇಳ್ಲೇ ಇಲ್ಲ ಅಪ್ಪ."

ಕೇಳಲು ಏನಿದೆ? ಗುಂಡಿಗೆ ಬೀಳುವವಳನ್ನು ಯಾಕೆ ಬೀಳುತ್ತೀ ಅಂತ ಯಾರಾದರೂ ಕೇಳುತ್ತಾರೆಯೇ? ಹಿಡಿದು ಎಳೆಯುತ್ತಾರೆ.

ಫೆಬ್ರವರಿ ೨೮, ಶುಕ್ರವಾರ

ಬೆಂಗಳೂರಿನಿಂದ ಕೃಷ್ಣಪ್ರಸಾದ್ ಎಂಬ ಟ್ರೈನರ್ ಬಂದಿದ್ದ. ವಯಸ್ಸು ಮೂವತ್ತರ ಒಳಗೆ. ಟೈ ಕಟ್ಟಿಕೊಂಡಿದ್ದ, ಕಿವಿಯ ಹತ್ತಿರ ಮೈಕು. ಹುಡುಗರನ್ನು ಸಂದರ್ಶನಕ್ಕೆ ತಯಾರು ಮಾಡುವುದು ಅವನ ಕೆಲಸ. ವಿಷಯ ನನ್ನದಾದ್ದರಿಂದ ನಾನೂ ಹಿಂದೆ ಕೂರಬೇಕು.

ಒಬ್ಬೊಬ್ಬರನ್ನೇ ವೇದಿಕೆಗೆ ಕರೆದು, ನಿನ್ನ ಬಗ್ಗೆ ಇಂಗ್ಲಿಷಿನಲ್ಲಿ ಹೇಳು ಅನ್ನುತ್ತಿದ್ದ. ಕವನ ಹೋದಳು. ಚೆನ್ನಾಗಿಯೇ ಶುರು ಮಾಡಿದಳು. "ಮೈ ಇಂಟ್ರೆಸ್ಟ್ ಈಸ್ ಆರ್ಡ್‌ವೇರ್" ಅನ್ನುವಷ್ಟರಲ್ಲಿ ಅವನು ಕೈ ಎತ್ತಿದ. "ಯಾವ ವೇರ್?" ಮತ್ತೆ ಹೇಳಿಸಿದ. ಮತ್ತೆ ಆರ್ಡ್‌ವೇರ್. ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಉಸಿರು ತಾಗಬೇಕು, ಹಾ, ಹಾ ಅಂತ ತೋರಿಸಿದ. ಅವಳೂ ಅಂಗೈ ಹಿಡಿದು "ಹಾರ್ಡ್‌ವೇರ್" ಅಂದಳು. ಆ ಗಾಬರಿಯಲ್ಲೇ ಮುಂದಿನ ಮಾತು "ಹಿಂಜಿನಿಯರ್" ಅಂತ ಬಂತು.

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನನಗೂ ನಗು ಬಂತು. ಬಂದರೆ ತಪ್ಪೇನು, ನಗುವಂಥದ್ದೇ ಆಗಿತ್ತು.

"ಊರಿನ ಭಾಷೆ ಊರಲ್ಲೇ ಬಿಟ್ಟು ಬನ್ನಿ. ಕಂಪನಿ ನಿಮ್ಮ ಹಳ್ಳಿ ಕೇಳಲ್ಲ," ಅಂದ ಅವನು. ಚಪ್ಪಾಳೆ ಬಿತ್ತು. ಕವನ ವೇದಿಕೆಯಿಂದ ಇಳಿದು ನೇರ ಬಾಗಿಲ ಕಡೆ ಹೋದಳು. ಈ ಸಲ ಅವಳನ್ನು ಯಾರೂ ಹೊರಗೆ ಕಳಿಸಿರಲಿಲ್ಲ.

ಊಟದ ಹೊತ್ತಿಗೆ ಆ ಮನುಷ್ಯ ನನ್ನ ಪಕ್ಕ ಕೂತು, ಮೊಸರನ್ನ ಕಲಸುತ್ತ, "ಸರ್, ತಪ್ಪು ತಿಳೀಬೇಡಿ. ನಿಮ್ಮ ಇಂಗ್ಲಿಷಲ್ಲೂ ಸ್ವಲ್ಪ ಮೈಸೂರು ಕೇಳ್ಸುತ್ತೆ. ಒಂದು ಸೆಷನ್ ಕೂತ್ರೆ ಸರಿ ಮಾಡ್ಕೋಬಹುದು," ಅಂದ.

ನನಗೆ! ಇವನು ಮಗ್ಗಿ ಹೇಳುತ್ತಿದ್ದ ಕಾಲಕ್ಕೆ ನಾನು ಪೇಪರ್ ಪ್ರೆಸೆಂಟ್ ಮಾಡುತ್ತಿದ್ದೆ. ಎದ್ದು ಕೈ ತೊಳೆದೆ. ದುರಹಂಕಾರಿ. ಆ ಹುಡುಗಿಗೂ ಹಾಗೆ ಮಾಡಬಾರದಾಗಿತ್ತು.

ಮಾರ್ಚ್ ೩, ಸೋಮವಾರ

ಪ್ರತಿ ವಿದ್ಯಾರ್ಥಿಯೂ ದುಡಿಯುವವರನ್ನು ಯಾರನ್ನಾದರೂ ಕಂಡು ಮಾತಾಡಿಸಿ, ಅದನ್ನು ತರಗತಿಯಲ್ಲಿ ಹೇಳಬೇಕಂತೆ. ಪಠ್ಯಕ್ರಮದಲ್ಲಿದೆ. ಎಲ್ಲರಿಗೂ ಹೇಳಿ ಕೈ ತೊಳೆದುಕೊಂಡೆ. ಕವನ ಸ್ಟಾಫ್ ರೂಮಿಗೆ ಬಂದು ಯಾರನ್ನೋ ಮಾತಾಡಿಸಲಾ ಅಂತ ಕೇಳಿದಳು. ಪತ್ರಿಕೆ ತಿದ್ದುತ್ತಿದ್ದೆ, ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಆಯ್ತು ಮಾಡು ಅಂದೆ.

ಮಾರ್ಚ್ ೨೧, ಶುಕ್ರವಾರ

ಇಂಥ ದಿನ ನನ್ನ ಜೀವಮಾನದಲ್ಲಿ ಬಂದಿರಲಿಲ್ಲ. ಅವಮಾನ. ಅದಕ್ಕೆ ಬೇರೆ ಹೆಸರಿಲ್ಲ.

ಎರಡು ವಾರದಿಂದ ಹುಡುಗರು ಬಂದು ಮಾವ ಬ್ಯಾಂಕಿನಲ್ಲಿದ್ದಾರೆ, ಚಿಕ್ಕಪ್ಪ ಲೈನ್‌ಮನ್ ಅಂತ ಎರಡೆರಡು ಮಾತು ಹೇಳಿ ಕೂರುತ್ತಿದ್ದರು. ನಾನು ಗೀಟು ಹಾಕಿಕೊಳ್ಳುತ್ತಿದ್ದೆ. ಇವತ್ತು ಕವನಳ ಸರದಿ. ಮೊಬೈಲನ್ನು ತರಗತಿಯ ಸ್ಪೀಕರಿಗೆ ಜೋಡಿಸಿಕೊಂಡು ನಿಂತಳು.

"ಇಂಗ್ಲಿಷಲ್ಲಿ ಏಳುದ್ರೆ ನಗ್ತೀರಿ. ಕನ್ನಡದಲ್ಲಿ ಏಳ್ತೀನಿ. ನಗೋರು ಇದ್ಕೂ ನಗ್ಲಿ. ನಾನು ಮಾತಾಡ್ಸಿರೋದು ನಮ್ ಕಾಲೇಜಲ್ಲೇ ಓದಿ ಆಚೆ ಓದೋರ್ನ. ಅವ್ರೇ ಏಳ್ತಾರೆ, ಕೇಳಿ."

ಯಾರೂ ನಗಲಿಲ್ಲ.

ಮೊದಲು ಒಬ್ಬ ಹುಡುಗಿಯ ದನಿ. ನಂಜನಗೂಡಿನ ಕೈಗಾರಿಕೆ ಪ್ರದೇಶದಲ್ಲಿ ಪಾಳಿಯ ಮೇಲೆ ಮಾತ್ರೆ ಪ್ಯಾಕ್ ಮಾಡುತ್ತಾಳೆ. "ಎಲೆಕ್ಟ್ರಾನಿಕ್ಸ್ ಓದಿದ್ದೀನಿ ಅಂತ ಅಲ್ಲಿ ಯಾರ್ಗೂ ಹೇಳಿಲ್ಲ. ಹೇಳ್ಕೊಂಡ್ರೆ ಮತ್ಯಾಕೆ ಇಲ್ಲಿಗೆ ಬಂದೆ ಅಂತಾರೆ." ಆಮೇಲೆ ಒಬ್ಬ ಹುಡುಗ, ಚಿಕ್ಕಯ್ಯನಛತ್ರದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾನೆ. ಅವನ ದನಿಯಲ್ಲಿ ಖುಷಿ ಇತ್ತು. "ಮಕ್ಕಳಿಗೆ ಪಾಠ ಮಾಡೋದು ನಂಗೆ ಇಷ್ಟ ಅಂತ ನಂಗೇ ಗೊತ್ತಿರ್ಲಿಲ್ಲ. ಮುಂಚೇನೇ ಯಾರಾದ್ರೂ ತೋರಿಸಿದ್ರೆ ಇಷ್ಟು ವರ್ಷ ಹಾಳಾಗ್ತಿರ್ಲಿಲ್ಲ."

ಮೂರನೆಯ ದನಿ ಕೇಳಿದ್ದೇ ಗುರುತು ಸಿಕ್ಕಿತು. ಚಿಕ್ಕಸ್ವಾಮಿ. ಮೆಕ್ಯಾನಿಕಲ್‌ನಲ್ಲಿ ನನ್ನ ಕೈಯಲ್ಲಿ ಓದಿದವರ ಪೈಕಿ ಇವನಂಥ ಇನ್ನೊಬ್ಬನಿಲ್ಲ. ನಾನು ಬೋರ್ಡಿನಲ್ಲಿ ಲೆಕ್ಕ ಮುಗಿಸುವ ಮೊದಲೇ ಉತ್ತರ ಹೇಳುತ್ತಿದ್ದ. ಎಲ್ಲೋ ದೊಡ್ಡ ಕಾರ್ಖಾನೆಯಲ್ಲಿ ಇದ್ದಾನೆ ಅಂದುಕೊಂಡಿದ್ದೆ.

"ನರಸೀಪುರದಲ್ಲಿ ಪಂಪ್‌ಸೆಟ್ ಅಂಗ್ಡೀಲಿ ಇವ್ನಿ. ನರೇಂದ್ರ ಸಾ ಅಂತ ನಮ್ ಮೇಷ್ಟ್ರು. ಅವ್ರ್ ಥರ ಪಾಠ ಮಾಡೋರು ಯಾರೂ ಇಲ್ಲ ಬುಡಿ. ಆದ್ರೆ ಕೆಲ್ಸ ಅಂದ್ರೆ ಏನು, ಅಲ್ಲಿಗ್ ಓದ್ರೆ ಏನ್ ಮಾಡ್ಬೇಕು, ಎಂಗ್ ಮಾತಾಡ್ಬೇಕು, ಒಂದ್ ದಿನಾನೂ ಏಳ್ಲಿಲ್ಲ. ನಾವೂ ಕೇಳ್ಲಿಲ್ಲ."

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಕವನ ಮೊಬೈಲ್ ಆರಿಸಿ, "ನಮ್ ಕಾಲೇಜಿನ ಅಡ್ಮಿಷನ್ ಪುಸ್ತಕದಲ್ಲಿ ಓದಿದೋರ್ಗೆಲ್ಲ ಕೆಲ್ಸ ಸಿಕ್ಕದೆ ಅಂತ ಅಚ್ಚಾಕವ್ರೆ. ಅದ್ರಲ್ಲಿ ಇವ್ರ್ಯಾರೂ ಇಲ್ಲ ಸಾ," ಅಂದಳು.

ಗಂಟೆ ಹೊಡೆಯುವ ಮೊದಲೇ ಎದ್ದು ಬಂದೆ. ನನ್ನ ವಿದ್ಯಾರ್ಥಿ, ನನ್ನದೇ ತರಗತಿಯಲ್ಲಿ, ನನ್ನ ಹೆಸರು ಹಿಡಿದು. ಕೃತಘ್ನ.

ಮಾರ್ಚ್ ೨೨, ಶನಿವಾರ

ರಜೆ ಹಾಕಿದೆ. ಯಾರ ಜೊತೆಗೂ ಮಾತಿಲ್ಲ.

ಮಾರ್ಚ್ ೨೩, ಭಾನುವಾರ

ತಿ. ನರಸೀಪುರಕ್ಕೆ ಹೋಗಿ ಬಂದೆ. ಆ ಚಿಕ್ಕಸ್ವಾಮಿಯ ಕೆನ್ನೆಗೆ ಹೊಡೆಯುವಷ್ಟು ಸಿಟ್ಟಿನಲ್ಲಿ ಬಸ್ಸು ಹತ್ತಿದ್ದೆ. ದಾರಿಯುದ್ದಕ್ಕೂ ಏನೇನು ಹೇಳಬೇಕು ಎಂದು ಹೊಂದಿಸಿಕೊಂಡೆ.

ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದೆ. ಭಾನುವಾರವೂ ರೈತರು ಬರುತ್ತಾರೆ ಅಂತ ತೆಗೆದಿರುತ್ತದೆ. ನನ್ನನ್ನು ಕಂಡವನೇ "ಸಾ!" ಎಂದು ಕೂಗಿ, ಗಿರಾಕಿಯನ್ನು ಅಲ್ಲೇ ಬಿಟ್ಟು ಓಡಿಬಂದ. ಕುರ್ಚಿ ಒರೆಸಿದ. ಫ್ಯಾನು ನನ್ನ ಕಡೆ ತಿರುಗಿಸಿದ. ಕೂತವನಿಗೆ ಹೊಂದಿಸಿಕೊಂಡು ಬಂದ ಒಂದು ಮಾತೂ ನೆನಪಾಗಲಿಲ್ಲ.

"ಯಾಕೋ ಹಾಗಂದೆ?" ಅಂದೆ ಕೊನೆಗೆ.

ಅವನು ತಲೆ ಬಗ್ಗಿಸಲಿಲ್ಲ. ಕವನ ತಮ್ಮ ಕಡೆಯ ಹುಡುಗಿ, ಬಂದು ಕೇಳಿದಳು, ಇದ್ದದ್ದನ್ನು ಹೇಳಿದೆ ಅಂದ. "ಮೊದ್ಲನೇ ಇಂಟರ್ವ್ಯೂಲಿ ಲೆಕ್ಕ ಎಲ್ಲ ಮಾಡ್ಬುಟ್ಟೆ ಸಾ. ಆಮೇಲೆ ಒಬ್ರು ಎಂಗ್ಸು, 'ನಿಮ್ಗೆ ಏನ್ ಕೆಲ್ಸ ಮಾಡ್ಬೇಕು ಅಂತ ಆಸೆ' ಅಂತ ಕೇಳುದ್ರು. ನಂಗೆ ಬಾಯೇ ಕಟ್ಟೋಯ್ತು. ಅದ್ನ ನನ್ನ ಯಾರೂ ಕೇಳೇ ಇರ್ಲಿಲ್ಲ. ನೀವ್ ಏನ್ ಏಳುದ್ರೂ ಮಾಡ್ತೀನಿ ಮೇಡಂ ಅಂದೆ. ಅವ್ರು ನಕ್ಬುಟ್ಟು ಬರ್ಕೊಂಡ್ರು. ಅಷ್ಟೇ, ಮುಗೀತು."

ಮನೆಯಲ್ಲಿ ಒಂದು ವರ್ಷ ಕೂತಿದ್ದನಂತೆ. ಅಪ್ಪ ಮಾತು ಬಿಟ್ಟಿದ್ದರಂತೆ. ಈ ಅಂಗಡಿಗೆ ಸೇರಿದ ಹೊಸದರಲ್ಲಿ ರೈತರು ಯಾವ ಮೋಟಾರು ತೆಗೆದುಕೊಳ್ಳಲಿ ಅಂತ ಕೇಳಿದರೆ ಪಠ್ಯಪುಸ್ತಕದ ಹಾಗೆ ಹೇಳುತ್ತಿದ್ದನಂತೆ. ಅವರು ಎದುರಿನ ಅಂಗಡಿಗೆ ಹೋಗುತ್ತಿದ್ದರಂತೆ.

"ಆಮೇಲೆ ಏನ್ ಮಾಡ್ದೆ?"

"ಸುಮ್ನಾದೆ ಸಾ. ಅವ್ರ್ ಬಾವಿ ಎಂಗದೆ, ಏನ್ ಬೆಳೀತಾರೆ, ಮೊದ್ಲು ಅದ್ನ ಕೇಳಕ್ ಸುರು ಮಾಡ್ದೆ."

ಟೀ ತರಿಸಿದ. ಹೊರಡುವಾಗ ಬಸ್ಸಿನವರೆಗೂ ಬಂದ. "ನಿಮ್ಮನ್ನ ಬಯ್ಲಿಲ್ಲ ಸಾ. ನಿಮ್ಗೂ ಯಾರೂ ಏಳ್ಕೊಟ್ಟಿರಲ್ಲ ಅಂತ ನಂಗ್ ಗೊತ್ತಿತ್ತು," ಅಂದ.

ನನ್ನ ಮೇಲೆ ಕನಿಕರ ಪಡುತ್ತಾನೆ! ಕೆನ್ನೆಗೆ ಹೊಡೆಯಲು ಹೋದವನು ಟೀ ಕುಡಿದು ಬಂದೆ. ನನ್ನಂಥ ದಂಡಪಿಂಡ ಬೇರೆ ಇಲ್ಲ.

ಮನೆಗೆ ಬಂದಾಗ ಶೃತಿ ಜಗಲಿಯಲ್ಲಿ ಕೂತಿದ್ದಳು. ಬೋರ್ಡ್ ಪರೀಕ್ಷೆ ಮುಗಿದಿದೆ. "ಏನು ಮಾಡ್ಬೇಕು ಅಂತ ನಿಂಗೆ ಆಸೆ?" ಅಂತ ಕೇಳಿದೆ. ಅವಳು ನನ್ನನ್ನೇ ನೋಡಿ, "ಸಿಇಟಿ ಮುಗೀಲಿ ಅಪ್ಪ, ಆಮೇಲೆ ಜಗಳ ಆಡೋಣ," ಎಂದು ಒಳಗೆ ಹೋದಳು. ಕೇಳದಿದ್ದರೆ ಕೇಳಲಿಲ್ಲ ಅನ್ನುತ್ತಾಳೆ, ಕೇಳಿದರೆ ಎದ್ದು ಹೋಗುತ್ತಾಳೆ!

ಮಾರ್ಚ್ ೨೫, ಮಂಗಳವಾರ

ತರಗತಿಯಲ್ಲಿ ಯಾರೋ ಕವನಳ ಮಾತನ್ನು ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಿದ್ದಾರೆ. ಅದು ನರಸೀಪುರದ, ನಂಜನಗೂಡಿನ ಪಿಯು ಹುಡುಗರ ಕೈಗೆಲ್ಲ ಹೋಗಿದೆ. ಅಡ್ಮಿಷನ್ನಿನ ಹೊತ್ತು. ಆಡಳಿತ ಮಂಡಳಿಯವರು ಕೆಂಡವಾಗಿದ್ದಾರೆ.

ಶಿವಮಲ್ಲಪ್ಪನವರು ಬಾಗಿಲು ಹಾಕಿಕೊಂಡು ಮಾತಾಡಿದರು. "ಶುಕ್ರವಾರ ವಿಚಾರಣೆ. ಆ ಹುಡುಗಿಗೆ ತಾಯೀನ ಕರ್ಕೊಂಡು ಬಾ ಅಂದಿದ್ದೀವಿ. ನೀವು ಒಂದೇ ಮಾತು ಹೇಳಿ ಸಾಕು. ನನ್ನ ಗಮನಕ್ಕೆ ತರದೆ ಮಾಡಿದ್ದಾಳೆ ಅಂತ."

"ಏನು ಮಾಡ್ತೀರಿ ಅವಳನ್ನ?"

"ಮುಂದಿನ ವರ್ಷ ಕ್ಯಾಂಪಸ್ ಇಂಟರ್ವ್ಯೂಗೆ ಕೂರಿಸಲ್ಲ. ಕಾಲೇಜಿಂದ ತೆಗೆಯಲ್ಲ ಮಾರಾಯ್ರೆ, ನಾನೇನು ರಾಕ್ಷಸನಾ? ನಾಳೆ ಯಾರೂ ಸೇರದಿದ್ರೆ ನಿಮಗೂ ಸಂಬಳ ಇಲ್ಲ, ನನಗೂ ಇಲ್ಲ. ಯೋಚ್ನೆ ಮಾಡಿ."

ಯೋಚಿಸಿದೆ. ಅವಳ ಮೇಲೆ ನನಗೇ ಸಿಟ್ಟಿದೆ. ಇಡೀ ತರಗತಿಯ ಮುಂದೆ ನನ್ನ ಮಾನ ಕಳೆದವಳು. ಇವರ ಮೇಲೂ ಸಿಟ್ಟಿದೆ. ಮೊದಲು ಲ್ಯಾಬಿಗೆ ಬೀಗ ಹಾಕಿದರು, ಈಗ ನನ್ನ ಬಾಯಲ್ಲಿ ತಮ್ಮ ಮಾತು ಆಡಿಸಬೇಕಂತೆ. ಅವಳು ಸ್ಟಾಫ್ ರೂಮಿಗೆ ಬಂದು ಕೇಳಿದ್ದು ನಿಜ. ನಾನು ಆಯ್ತು ಅಂದದ್ದೂ ನಿಜ. ಕೇಳಿಸಿಕೊಳ್ಳದೆ ಅಂದೆ ಎನ್ನುವುದು ನನ್ನ ಹಣೆಬರಹ.

ಮಾರ್ಚ್ ೨೮, ಶುಕ್ರವಾರ

ವಿಚಾರಣೆ ಆಯಿತು.

ಪ್ರಿನ್ಸಿಪಾಲ್, ಆಡಳಿತ ಮಂಡಳಿಯಿಂದ ಬಿಳಿ ಅಂಗಿಯ ಒಬ್ಬರು, ನಾನು. ಎದುರಿಗೆ ಕವನ ಮತ್ತು ಅವಳ ತಾಯಿ ಪುಟ್ಟಮಾದಮ್ಮ. ಆಕೆಗೆ ಕುರ್ಚಿ ಹಾಕಿರಲಿಲ್ಲ. ನಾನು ಎದ್ದು ನನ್ನದನ್ನು ಕೊಟ್ಟೆ. ಬಿಳಿ ಅಂಗಿಯವರು ಹುಬ್ಬು ಗಂಟಿಕ್ಕಿದರು. ಒಂದು ಕುರ್ಚಿ ತರಿಸಲು ಯೋಗ್ಯತೆಯಿಲ್ಲದವರು.

ಶಿವಮಲ್ಲಪ್ಪನವರು ಶಿಸ್ತು, ಸಂಸ್ಥೆಯ ಘನತೆ, ಹೆಣ್ಣುಮಗಳ ಭವಿಷ್ಯ ಅಂತೆಲ್ಲ ಹೇಳಿದರು. ಪುಟ್ಟಮಾದಮ್ಮ ಪೂರ್ತಿ ಕೇಳಿಸಿಕೊಂಡು ಮಗಳ ಕಡೆ ತಿರುಗಿದರು.

"ಏನವ್ವಾ, ಸುಳ್ ಏಳಿದ್ದೀಯಾ?"

"ಇಲ್ಲ ಕಣವ್ವ."

ಆಕೆ ಪ್ರಿನ್ಸಿಪಾಲರತ್ತ ನೋಡಿದರು. "ಇವ್ಳು ಸುಳ್ ಏಳವ್ಳಾ ಸಾ?"

"ಸುಳ್ಳು ಅಂತಲ್ಲಮ್ಮ. ಹೇಳೋದಕ್ಕೆ ಒಂದು ರೀತಿ ಇರುತ್ತೆ..."

"ಸುಳ್ಳಲ್ಲ ಅಂದ್ಮೇಲೆ ನನ್ನ ಯಾಕ್ ಕರ್ಸುದ್ರಿ? ಕೆಲ್ಸ ಬುಟ್ಟು ಬಂದಿವ್ನಿ."

ಬಿಳಿ ಅಂಗಿಯವರು ಕವನಳ ಕಡೆ ಬೆರಳು ತೋರಿಸಿದರು. "ಕ್ಷಮೆ ಕೇಳಿ ಬರ್ಕೊಡು. ಇಲ್ಲಿಗೆ ಮುಗಿಸೋಣ."

ಕವನ ತಾಯಿಯ ಕುರ್ಚಿಯ ಬೆನ್ನು ಹಿಡಿದು ನಿಂತಳು. "ಯಾರ್ನ ಕ್ಷಮೆ ಕೇಳ್ಲಿ ಸಾ? ಮಾತ್ರೆ ಪ್ಯಾಕ್ ಮಾಡೋ ಅಕ್ಕನ್ನಾ? ಅವ್ರು ಮಾತಾಡ್ತಾ ಮಾತಾಡ್ತಾ ಅತ್ಬುಟ್ರು. ಇಷ್ಟ್ ದಿನ ಯಾರೂ ನನ್ನ ಕೇಳ್ಲಿಲ್ಲ ಅಂದ್ರು. ನಾನು ಕೆಟ್ಟದ್ ಮಾಡಕ್ಕೆ ಓಗಿಲ್ಲ. ಮುಂದಿನ್ ವರ್ಷ ನಾನೂ ಈ ಬಾಗ್ಲಿಂದ ಆಚೆ ಓಗ್ಬೇಕು. ಆಚೆ ಏನದೆ ಅಂತ ನೋಡಕ್ಕೆ ಓಗಿದ್ದೆ."

ಆಗ ಶಿವಮಲ್ಲಪ್ಪನವರು, "ನರೇಂದ್ರ, ಇದು ನಿಮ್ಮ ಗಮನಕ್ಕೆ ಬಂದಿತ್ತಾ?" ಅಂತ ಕೇಳಿದರು. ಕಣ್ಣಿನಲ್ಲೇ ಉತ್ತರವನ್ನೂ ಹೇಳಿದರು.

ಆ ಕಣ್ಣು ನೋಡಿಯೇ ನನಗೆ ತಡೆಯಲಾಗಲಿಲ್ಲ. "ಬಂದಿತ್ತು. ಸ್ಟಾಫ್ ರೂಮಿಗೆ ಬಂದು ಕೇಳಿದಳು. ಮಾಡು ಅಂದೋನು ನಾನೇ. ತರಗತಿಯಲ್ಲಿ ಪಾಠ ಅಂತ ಒಂದು ಆಗಿದ್ರೆ ಅದು ಅವತ್ತೇ. ನಾನು ಮಾಡಿದ್ದಲ್ಲ, ಅವಳು ಮಾಡಿದ್ದು. ಶಿಕ್ಷೆ ಕೊಡೋದಾದ್ರೆ ನನಗೆ ಕೊಡಿ, ಅವಳಿಗೆ ಪೂರ್ತಿ ಅಂಕ ಕೊಡ್ತೀನಿ," ಅಂದೆ. ದನಿ ಜೋರಾಗಿತ್ತು ಅಂತ ಕಾಣುತ್ತದೆ, ಹೊರಗಿನ ಗುಮಾಸ್ತ ಬಾಗಿಲು ತೆರೆದು ನೋಡಿದ.

ಸಿಟ್ಟಿನಲ್ಲಿ ಆಡಿದ ಮಾತು. ಯೋಚಿಸಿ ಆಡಿದ್ದರೆ ಬೇರೆ ಆಡುತ್ತಿದ್ದೆನೇನೋ.

ಹೊರಗೆ ಬಂದ ಮೇಲೆ ಪುಟ್ಟಮಾದಮ್ಮ, "ಬತ್ತೀವಿ ಸಾ," ಅಂದರು. ಕವನ ಬ್ಯಾಗು ಹೆಗಲಿಗೇರಿಸಿ ಹಿಂದೆಯೇ ಹೊರಟಳು. ಒಂದು ಥ್ಯಾಂಕ್ಸ್ ಹೇಳಲು ಬಾಯಿಗೆ ಏನಾಗಿತ್ತು? ಆದರೂ ನಾನು ಏನು ಮಾಡಿದೆ ಅಂತ ಹೇಳಬೇಕು? ಇದ್ದದ್ದನ್ನು ಇದ್ದ ಹಾಗೆ ಅಂದೆ, ಅಷ್ಟೆ.

ಏಪ್ರಿಲ್ ೧೧, ಶುಕ್ರವಾರ

ಕವನಳಿಗೆ ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ. ಕ್ಯಾಂಪಸ್ ಇಂಟರ್ವ್ಯೂಗೆ ಕೂರಬಹುದು. ನನ್ನನ್ನು ಆ ವಿಷಯದಿಂದ ತೆಗೆದು ಕಾಲೇಜು ಬಸ್ಸುಗಳ ಉಸ್ತುವಾರಿಗೆ ಹಾಕಿದ್ದಾರೆ. ಜೂನ್ ಆದಮೇಲೆ ಬರಬೇಕಾಗಿಲ್ಲ ಅಂತ ಬಾಯಿಮಾತಿನಲ್ಲಿ ಹೇಳಿಯೂ ಆಯಿತು. ಇಪ್ಪತ್ತೆರಡು ವರ್ಷಕ್ಕೆ ಬಾಯಿಮಾತು ಸಾಕಂತೆ.

ಕಾಲೇಜಿನ ಹೊಸ ಅಡ್ಮಿಷನ್ ಪುಸ್ತಕ ಅಚ್ಚಾಗಿ ಬಂದಿದೆ. ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂಬ ಸಂಖ್ಯೆ ಇದ್ದ ಜಾಗದಲ್ಲಿ "ಅತ್ಯುತ್ತಮ" ಅಂತ ಹಾಕಿದ್ದಾರೆ. ನಾಚಿಕೆಗೇಡಿಗಳು. ನನ್ನ ತರಗತಿಗಳನ್ನು ಆ ಕೃಷ್ಣಪ್ರಸಾದನಿಗೆ ಕೊಟ್ಟಿದ್ದಾರಂತೆ. ಮಕ್ಕಳು ಏನು ಪಾಪ ಮಾಡಿದ್ದವು? ಹಿಂದಿನ ಬೆಂಚಿನ ಹುಡುಗನೊಬ್ಬ ಬ್ರೆಡ್ ಕಾರ್ಖಾನೆಯವರನ್ನು ಮಾತಾಡಿಸಿಕೊಂಡು ಬಂದಿದ್ದ, ಮಂಗಳವಾರ ಅವನ ಸರದಿ ಇತ್ತು. ಅದನ್ನಾದರೂ ಕೇಳಿ ಹೋಗುತ್ತಿದ್ದೆ.

ಸಿಂಧು ಈ ಸಲ ನನ್ನನ್ನು ಬಯ್ಯಲಿಲ್ಲ. "ಬೇರೆ ಕಡೆ ನೋಡೋಣ ಬಿಡ್ರೀ," ಅಂದಳು. ಬಯ್ದಿದ್ದರೇ ಚೆನ್ನಾಗಿತ್ತು.

ಮೇ ೪, ಭಾನುವಾರ

ಕವನ ಮೊನ್ನೆ ಫೋನು ಮಾಡಿದ್ದಳು. ಅವಳ ಊರಿನ ಅಂಬೇಡ್ಕರ್ ಭವನದಲ್ಲಿ ಪಿಯುಸಿ ಮುಗಿಸಿದ ಮಕ್ಕಳನ್ನೂ ತಂದೆತಾಯಿಯರನ್ನೂ ಕೂರಿಸಿ, ಬೇರೆ ಬೇರೆ ಕೆಲಸದಲ್ಲಿ ಇರುವವರಿಂದ ಮಾತಾಡಿಸುತ್ತಾರಂತೆ. "ನೀವೂ ಬನ್ನಿ ಸಾ. ಭಾಷಣ ಮಾಡ್ಬೇಡಿ ಅಷ್ಟೆ. ಕೂತ್ಕೊಂಡ್ ಕೇಳಿ."

ನನ್ನನ್ನು ಕರೆದು ಮಾತಾಡಬೇಡಿ ಅನ್ನುವ ಧೈರ್ಯ! ಶೃತಿಗೆ ಹೇಳಿದೆ, ಅವಳು ನಕ್ಕು ನಾನೂ ಬರ್ತೀನಿ ಅಂದಳು. ಸಿಇಟಿ ಮುಗಿದು ಎರಡು ವಾರವಾಗಿತ್ತು, ಜಗಳ ಇನ್ನೂ ಆಡಿರಲಿಲ್ಲ.

ಭವನ ತುಂಬಿತ್ತು. ಜಮಖಾನೆಯ ಮೇಲೆ ಗಂಡಸರ ಮಧ್ಯೆ ಕೂತೆ. ಮಾತ್ರೆ ಕಾರ್ಖಾನೆಯ ಹುಡುಗಿ, ಹೈಸ್ಕೂಲ್ ಮೇಷ್ಟರು ಮಾತಾಡಿದರು. ಚಿಕ್ಕಸ್ವಾಮಿ ಮಾತಾಡುವಾಗ ಜನ ನಗುತ್ತಿದ್ದರು, ಅವನು ನಗಿಸುತ್ತಿದ್ದ. ಒಂದು ಕಡೆ ಪಂಪಿನ ದಕ್ಷತೆಯ ವಿಷಯ ತಪ್ಪು ಹೇಳಿದ. ತಿದ್ದಬೇಕು ಅಂತ ನಾಲಿಗೆ ತುದಿಗೆ ಬಂತು. ತಡೆದುಕೊಂಡೆ.

ಹಿಂದಿನಿಂದ ಒಬ್ಬ ಹುಡುಗಿ, "ಇಂಜಿನಿಯರಿಂಗು, ನರ್ಸಿಂಗು ಬುಟ್ಟು ಬ್ಯಾರೆ ಏನಾರ ಓದ್ಬೋದಾ?" ಅಂತ ಕೇಳಿದಳು. ಹೆಂಗಸರ ಕಡೆಯಿಂದ ಶೃತಿ ಎದ್ದು ನಿಂತಳು.

ಇತಿಹಾಸ ಓದಬೇಕು ಅಂತಿದ್ದೇನೆ ಅಂದಳು. ನಂಜನಗೂಡಿನಲ್ಲಿ ಅವಳ ಗೆಳತಿಯ ಮನೆ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಅಡಿಭಾಗದಲ್ಲಿ ಅಕ್ಷರ ಇವೆಯಂತೆ. ಇಬ್ಬರೂ ಹಿಟ್ಟು ಸವರಿ, ಫೋಟೋ ತೆಗೆದು, ಮೂರು ತಿಂಗಳು ಕೂತು ಓದಿದರಂತೆ. ದಾನ ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ. ಕೊಟ್ಟ ಹೊಲದಲ್ಲಿ ಗೇಯುತ್ತಿದ್ದವರ ಹೆಸರಿಲ್ಲ. "ಅವ್ರು ಯಾರು ಅಂತ ಗೊತ್ತಾಗ್ಬೇಕು ಅನ್ನಿಸ್ತು. ಅದಕ್ಕೆ ಓದ್ಬೇಕು. ಟೀಚರ್ ಆಗ್ತೀನೋ, ಮ್ಯೂಸಿಯಮ್ಮಿಗೆ ಹೋಗ್ತೀನೋ ನಂಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿರೋರ್ನ ಹುಡ್ಕಿ ಕೇಳ್ತಾ ಇದ್ದೀನಿ."

ಮೂರು ತಿಂಗಳು! ನನ್ನ ಮನೆಯಲ್ಲೇ ಇದ್ದುಕೊಂಡು. ನನಗೆ ಗೊತ್ತೇ ಇಲ್ಲ.

ಪುಟ್ಟಮಾದಮ್ಮ ಕೂತಲ್ಲಿಂದಲೇ ಕೇಳಿದರು. "ನಮ್ ಕೇರೀದೂ ಅಂಗೇ ಅದಾ ಮಗಾ, ಎಲ್ಲಾರ ಬರ್ದಿರೋದು?"

"ನಂಗೆ ಗೊತ್ತಿಲ್ಲ ಆಂಟಿ. ನೀವು ಹೇಳಿದ್ರೆ ಬರ್ಕೋತೀನಿ."

"ಏಳ್ತೀನಿ ಬಾ, ಅದ್ಕೇನಂತೆ."

ಸಭೆ ಮುಗಿದ ಮೇಲೆ ಅವಳು ಪುಟ್ಟಮಾದಮ್ಮನ ಮನೆಯಲ್ಲೇ ಕೂತುಬಿಟ್ಟಳು. ಬಸ್ಸು ತಪ್ಪಿತು. ಮುಂದಿನ ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ. ಸಾರಿಗೆ ಇಲಾಖೆಯವರಿಗೆ ಭಾನುವಾರ ಜನ ಓಡಾಡುವುದು ಗೊತ್ತೇ ಇಲ್ಲವೇ? ಕಂಬಿ ಹಿಡಿದು ನಿಂತೇ ಆ ಕಲ್ಲಿನಲ್ಲಿ ಏನು ಬರೆದಿದೆ ಅಂತ ಪೂರ್ತಿ ಕೇಳಿದೆ. ಹಳಗನ್ನಡದ ಲಿಪಿಯಲ್ಲಿ 'ಮ'ವೂ 'ವ'ವೂ ಒಂದೇ ಥರ ಕಾಣುತ್ತವಂತೆ, ಮೊದಲು ಅಲ್ಲೇ ತಪ್ಪಿದರಂತೆ. ನಂಜನಗೂಡು ಬಂದದ್ದೇ ತಿಳಿಯಲಿಲ್ಲ. ಕಂಡಕ್ಟರ್ ಗದರಿ ಇಳಿಸಿದ. ಅವನ ಮಾತಿನ ಧಾಟಿ ನೋಡಬೇಕಿತ್ತು.

ಮೇ ೯, ಶುಕ್ರವಾರ

ಮೈಸೂರಿನಿಂದ ಅಕ್ಕ ಜಲಜಮ್ಮ ಬಂದಿದ್ದಳು. ಶೃತಿ ಬಿಎಗೆ ಅರ್ಜಿ ಹಾಕಿದ ಸುದ್ದಿ ಅವಳಿಗೆ ಯಾರು ಮುಟ್ಟಿಸಿದರೋ. ಕೂತವಳು ನೀರನ್ನೂ ಕುಡಿಯದೆ ಶುರು ಮಾಡಿದಳು.

"ನಿಂಗೇನಾಗಿದೆಯೋ ನರೇಂದ್ರ? ಇರೋ ಕೆಲ್ಸಾನೂ ಹೋಗ್ತಾ ಇದೆ. ಇರೋದೊಂದು ಮಗು. ಹಿಸ್ಟರಿ ಓದಿ ಏನು ಮಾಡ್ತಾಳೆ?"

"ಒಳಗೇ ಇದ್ದಾಳೆ. ಅವಳನ್ನೇ ಕೇಳು," ಅಂದೆ.

ಕೇಳಲಿಲ್ಲ. ನಮ್ಮ ಅಪ್ಪನ ಕಾಲದಿಂದ ಹಿಡಿದು ಅವಳ ಮೈದುನನ ಮಗನವರೆಗೆ ಎಲ್ಲರ ಕಥೆ ಹೇಳಿದಳು. ನಡುವೆ ಮತ್ತೊಮ್ಮೆ ಅಂದೆ, ಅಕ್ಕ, ಅವಳನ್ನು ಒಂದು ಮಾತು ಕೇಳು ಅಂತ. ಶೃತಿ ಕಾಫಿ ತಂದು ಎದುರಿಗೇ ನಿಂತಳು. ಅಕ್ಕ ಲೋಟ ತೆಗೆದುಕೊಂಡು, ಅವಳ ಮುಖ ನೋಡದೆ, ಮತ್ತೆ ನನ್ನ ಕಡೆಗೇ ತಿರುಗಿ ಮೊದಲಿನಿಂದ ಶುರು ಮಾಡಿದಳು.

ಅವಳು ಹೋಗಿ ಎಷ್ಟೋ ಹೊತ್ತಾಯಿತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಹುಡುಗಿ ಎದುರಿಗೆ ನಿಂತಿದ್ದಾಳೆ, ಯಾಕಮ್ಮ ಅಂತ ಒಂದು ಮಾತು ಕೇಳಿದರೆ ಗಂಟೇನು ಹೋಗುತ್ತದೆ? ಇನ್ನೊಬ್ಬರ ಮಾತು ಕೇಳುವ ತಾಳ್ಮೆ ನಮ್ಮ ಮನೆತನದಲ್ಲಿ ಒಬ್ಬರಿಗೂ ಇಲ್ಲ.